ಎಡೆದೊರೆಯ ಕೋಟೆಗಳು

ಕೃಷ್ಣೆ ವಾಯವ್ಯದಿಂದ ಇಳಿದು ಬರುತ್ತಾಳೆ, ತುಂಗಭದ್ರೆ ನೈಋತ್ಯದಿಂದ. ಆಲಂಪುರದ ಬಳಿ ಇಬ್ಬರೂ ಕೂಡುವವರೆಗೆ ಅವರ ನಡುವೆ ಹಾಸಿಕೊಂಡಿರುವ ಎರೆಭೂಮಿ ಮತ್ತು ಹೆಬ್ಬಂಡೆಗಳ ನಾಡೇ ಎಡೆದೊರೆ. ಹಳೆಯ ಶಾಸನಗಳು ಇದನ್ನು ಎಡೆದೊರೆ ಎರಡು ಸಾಸಿರ ಎಂದು ಲೆಕ್ಕವಿಟ್ಟು ಹೆಸರಿಸಿದವು. ಪಾರಸಿಯಲ್ಲಿ ಚರಿತ್ರೆ ಬರೆದವರು ದೋಆಬ್ ಎಂದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ನಾಡಿನ ನಡುಮಧ್ಯದಲ್ಲಿ ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ನಿಂತಿರುವ ಊರುಗಳು. ಅವುಗಳಿಂದ ಪಶ್ಚಿಮಕ್ಕೆ ಮುದಗಲ್, ಉತ್ತರಕ್ಕೆ ಜಲದುರ್ಗ, ಪೂರ್ವಕ್ಕೆ ರಾಯಚೂರು. ಮೂರೂ ದಿಕ್ಕಿಗೆ ಮೂರು ಕೋಟೆ.

ಈ ನೆಲ ಯಾವ ದೊಡ್ಡ ಅರಸುಮನೆತನಕ್ಕೂ ರಾಜಧಾನಿಯಾಗಲಿಲ್ಲ; ಎಲ್ಲರಿಗೂ ಗಡಿಯಾಯಿತು. ಹಂಪಿಯ ಚರಿತ್ರೆ ಬರೆದವರು ಇಲ್ಲಿಗೆ ಬಂದದ್ದು ದಂಡಿನ ಹಿಂದೆ. ಯುದ್ಧ ಮುಗಿದೊಡನೆ ದಂಡಿನ ಜೊತೆಯಲ್ಲೇ ಹೊಳೆ ದಾಟಿ ಮರಳಿದರು. ಕಲಬುರಗಿ, ಬೀದರ, ವಿಜಯಪುರಗಳ ಚರಿತ್ರೆ ಬರೆದವರೂ ಹಾಗೆಯೇ ಮಾಡಿದರು. ಗೆದ್ದವರ ಹೆಸರು ಉಳಿಯಿತು, ಸೋತವರ ಹೆಸರೂ ಉಳಿಯಿತು. ಯಾವ ನೆಲಕ್ಕಾಗಿ ಗೆದ್ದರು, ಯಾವ ನೆಲಕ್ಕಾಗಿ ಸೋತರು ಎಂಬುದು ಮಾತ್ರ ಅಡಿಟಿಪ್ಪಣಿಗೆ ಇಳಿಯಿತು. ಆದ್ದರಿಂದ ಈ ಕಥನ ಎಡೆದೊರೆಯಲ್ಲೇ ಆರಂಭವಾಗುತ್ತದೆ, ಎಡೆದೊರೆಯಲ್ಲೇ ನಿಲ್ಲುತ್ತದೆ. ಅರಸರು ಬರುತ್ತಾರೆ, ಹೋಗುತ್ತಾರೆ.

ಮೊದಲ ನಿಲುಗಡೆ ಮಸ್ಕಿ. ಊರನ್ನು ಒತ್ತಿಕೊಂಡು ದುರ್ಗದ ಗುಡ್ಡ ಎದ್ದಿದೆ. ನೆತ್ತಿಯ ಮೇಲೆ ಮಲ್ಲಿಕಾರ್ಜುನನ ಗುಡಿ, ಕೆಳಗೆ ತುಂಗಭದ್ರೆಯ ಕಡೆಗೆ ಹರಿಯುವ ಮಸ್ಕಿ ಹಳ್ಳ. ಆ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಕೆಲವು ಸಾಲುಗಳಿವೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಆ ಓದು ಭಾರತದ ಚರಿತ್ರೆಯ ದೊಡ್ಡ ಗಂಟೊಂದನ್ನು ಬಿಡಿಸಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಉತ್ತರದ ಕಂಬಗಳೂ ಬಂಡೆಗಳೂ ದೇವಾನಾಂಪಿಯ ಎಂಬ ಬಿರುದಿನ ಅರಸನೊಬ್ಬನ ಮಾತನ್ನಾಡಿದ್ದವು. ಅವನು ಮೌರ್ಯ ಅಶೋಕನೇ ಎಂದು ಸಿಂಹಳದ ವಂಶಕಥನಗಳ ನೆರವಿನಿಂದ ಜಾರ್ಜ್ ಟರ್ನರ್ ತರ್ಕಿಸಿದ್ದರು. ಅದು ತರ್ಕವಾಗಿಯೇ ಎಪ್ಪತ್ತೆಂಟು ವರ್ಷ ನಿಂತಿತು. ಮಸ್ಕಿಯ ಬಂಡೆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರನ್ನು ಇಟ್ಟು ವಾದವನ್ನು ಮುಗಿಸಿತು. ಆ ಬಳಿಕ ಮಧ್ಯಪ್ರದೇಶದ ಗುಜರ್ರಾದಲ್ಲೂ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲು ಹೇಳಿದ್ದು ಮಸ್ಕಿ.

ಹೆಸರು ಸಿಕ್ಕ ಸಂಭ್ರಮದಲ್ಲಿ ಶಾಸನದ ಮಾತನ್ನು ಮರೆಯುವವರೇ ಹೆಚ್ಚು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಾದವು, ಸಂಘದ ಒಡನಾಟದಲ್ಲಿ ಶ್ರದ್ಧೆ ಗಟ್ಟಿಯಾಯಿತು ಎಂದು ಅರಸ ಅಲ್ಲಿ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದವನು ಸಣ್ಣವನಾದರೂ ಈ ಫಲವನ್ನು ಪಡೆಯಬಲ್ಲ, ಇದು ದೊಡ್ಡವರಿಗಷ್ಟೇ ಮೀಸಲು ಎಂದು ಯಾರೂ ಭಾವಿಸಬಾರದು, ಕಿರಿಯರಿಗೂ ಹಿರಿಯರಿಗೂ ಇದನ್ನು ತಿಳಿಸಬೇಕು ಎನ್ನುತ್ತಾನೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಪಾಟಲಿಪುತ್ರದ ಒಡೆಯ ಎಡೆದೊರೆಯ ಸಾಮಾನ್ಯನನ್ನು ಉದ್ದೇಶಿಸಿ ಆಡಿದ ಮಾತಿದು. ಮುಂದೆ ಈ ನಾಡಿನ ಕೋಟೆಗೋಡೆಗಳ ಮೇಲೆ ಹತ್ತಾರು ಅರಸರು, ದಂಡನಾಯಕರು, ಕಿಲ್ಲೇದಾರರು ಶಾಸನ ಬರೆಯಿಸಿದರು. ಅವುಗಳಲ್ಲಿ ಗೆಲುವಿನ ಸುದ್ದಿ ಇದೆ, ಕಟ್ಟಿಸಿದವರ ಕೀರ್ತಿ ಇದೆ. ಸಣ್ಣವನ ಕಡೆಗೆ ಮುಖ ಮಾಡಿ ನಿಂತ ಕಲ್ಲು ಎಂದರೆ ಮಸ್ಕಿಯದು.

ಅಶೋಕನ ಅಧಿಕಾರಿಗಳು ಇಷ್ಟು ದೂರ ಬಂದದ್ದೇಕೆ? ಉತ್ತರದ ಒಂದು ಪಾಲು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ನೆಲದಡಿಯಲ್ಲಿದೆ. ಈಗಿನ ಚಿನ್ನದ ಗಣಿಯವರು ಕೆಲಸಕ್ಕಿಳಿದಾಗ ಅವರಿಗಿಂತ ಎರಡು ಸಾವಿರ ವರ್ಷ ಹಿಂದಿನವರು ಬೆಂಕಿ ಹಚ್ಚಿ ಬಂಡೆ ಬಿರಿಸಿ, ನೂರಾರು ಅಡಿ ಆಳಕ್ಕೆ ಇಳಿದಿದ್ದ ಗುರುತುಗಳು ಎದುರಾದವು. ಚಿನ್ನಕ್ಕಿಂತಲೂ ಹಳೆಯದು ಇಲ್ಲಿಯ ದನಗಾಹಿಗಳ ಬದುಕು. ಮುದಗಲ್ಲಿನ ಹತ್ತಿರದ ಪಿಕಳಿಹಾಳದಲ್ಲಿ ಎಫ್.ಆರ್. ಆಲ್ಚಿನ್ 1950ರ ದಶಕದ ಆರಂಭದಲ್ಲಿ ಅಗೆದರು. 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ಅಗೆಸಿದರು. ನಯಗೊಳಿಸಿದ ಕಲ್ಲಿನ ಕೊಡಲಿಗಳ ಕಾಲದಿಂದ ಹಿಡಿದು ಪದರದ ಮೇಲೆ ಪದರವಾಗಿ ಜನವಸತಿ ಕಂಡಿತು. ಪಿಕಳಿಹಾಳದ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಕೋಟೆಗಳನ್ನು ನೋಡಲು ಹೊರಟವರು ಈ ಗೂಳಿಗಳನ್ನು ಮೊದಲು ನೋಡಬೇಕು. ಮೇವು, ನೀರು, ಚಿನ್ನ, ಎರೆಮಣ್ಣು ಇಲ್ಲಿ ಇದ್ದುದರಿಂದಲೇ ಜನ ನೆಲೆಸಿದರು. ಜನ ನೆಲೆಸಿದ್ದರಿಂದಲೇ ಅರಸರು ಕಣ್ಣಿಟ್ಟರು.

ಹಾಗೆ ಕಣ್ಣಿಟ್ಟವರಲ್ಲಿ ತಂಜಾವೂರಿನ ಚೋಳರೂ ಇದ್ದರು. 11ನೆಯ ಶತಮಾನದ ಆದಿಯಲ್ಲಿ ರಾಜೇಂದ್ರ ಚೋಳನ ಪ್ರಶಸ್ತಿ ತಾನು ಗೆದ್ದ ನಾಡುಗಳ ಸಾಲಿನಲ್ಲಿ ಎಡೆದೊರೆಯನ್ನು ಸೇರಿಸಿತು. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನನ್ನು ಮುಸಂಗಿಯಲ್ಲಿ ಓಡಿಸಿದೆವೆಂದೂ ಚೋಳರು ಕೊಚ್ಚಿಕೊಂಡರು. ಆ ಮುಸಂಗಿಯೇ ಮಸ್ಕಿ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ಗೆಲುವಿನ ಹಾಡು ದಕ್ಷಿಣದಲ್ಲಿ ಉಳಿಯಿತು, ನಾಡು ಚಾಲುಕ್ಯರಲ್ಲಿ ಉಳಿಯಿತು. ಎರಡು ದೊಡ್ಡ ಶಕ್ತಿಗಳ ನಡುವೆ ತುಂಗಭದ್ರೆ ಗಡಿಯಾಗುವ ಪರಿಪಾಠ ವಿಜಯನಗರಕ್ಕಿಂತ ಮೂರು ಶತಮಾನ ಮೊದಲೇ ಆರಂಭವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಕೋಟೆಗಳ ಕಾಲಕ್ಕೆ ಬರೋಣ. ರಾಯಚೂರಿನ ಕೋಟೆಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಕೂಡಿಸಲಾಗಿದೆ. ಕಾಕತೀಯರ ಸಾಮಂತ ಗೋರೆ ಗನ್ನಯ್ಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ಬರಹ ಹೇಳುತ್ತದೆ. ಅಲ್ಲೇ ಗೋಡೆಯ ಮೇಲೆ ಕೊರೆದ ಚಿತ್ರವೊಂದು ಇನ್ನೂ ದೊಡ್ಡ ಸಂಗತಿಯನ್ನು ಹೇಳುತ್ತದೆ: ಇಂಥ ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಜೊತೆ ಹೂಡಿ, ಹಿಂದಿನಿಂದ ಜನ ದೂಡುತ್ತ ತಂದ ಬಗೆ. ಕಟ್ಟಿಸಿದವನ ಹೆಸರು ಅಕ್ಷರದಲ್ಲಿದೆ, ಕಟ್ಟಿದವರು ಚಿತ್ರದಲ್ಲಿದ್ದಾರೆ. ಕಲ್ಲು ಒಡೆದವರು, ಕಂದಕ ತೋಡಿದವರು, ಬಂಡಿ ಹೊಡೆದವರು ತಮ್ಮ ದುಡಿಮೆಯನ್ನು ಗೋಡೆಯ ಮೇಲೆಯೇ ದಾಖಲಿಸಿಕೊಂಡ ಕೋಟೆ ಇದು.

1336ರ ಸುಮಾರಿಗೆ ತುಂಗಭದ್ರೆಯ ಬಲದಂಡೆಯಲ್ಲಿ ವಿಜಯನಗರ ಎದ್ದಿತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಎರಡರ ನಡುವೆ ಎಡೆದೊರೆ ಸಿಕ್ಕಿಬಿದ್ದಿತು. ಮುಂದಿನ ಎರಡು ಶತಮಾನಗಳಲ್ಲಿ ಮುದಗಲ್ ಕಂಡಷ್ಟು ಮುತ್ತಿಗೆಗಳನ್ನು ದಖ್ಖನಿನಲ್ಲಿ ಕಂಡ ಊರುಗಳು ಕೆಲವೇ.

ಅವುಗಳಲ್ಲಿ 1366ರದು ಅತ್ಯಂತ ಘೋರ. ಅದನ್ನು ಬರೆದವನು ಫೆರಿಶ್ತಾ. ಎರಡೂ ಕಾಲು ಶತಮಾನ ಕಳೆದ ಮೇಲೆ, ವಿಜಯಪುರದ ಆಸ್ಥಾನದಲ್ಲಿ ಕುಳಿತು ಬರೆದ. ಅವನ ಪ್ರಕಾರ ಬಹಮನಿ ಸುಲ್ತಾನ ಮುಹಮ್ಮದ್ ಶಾ ಔತಣವೊಂದರಲ್ಲಿ ಹಾಡುಗಾರರಿಗೆ ಕೊಡಬೇಕಾದ ಸಂಭಾವನೆಯನ್ನು ವಿಜಯನಗರದ ಬೊಕ್ಕಸದ ಮೇಲೆ ಬರೆದುಕೊಟ್ಟ. ಬುಕ್ಕರಾಯ ಅದನ್ನು ತಂದ ದೂತನನ್ನು ಕತ್ತೆಯ ಮೇಲೆ ಕೂರಿಸಿ ಅಟ್ಟಿದ, ಹೊಳೆ ದಾಟಿ ಬಂದು ಮುದಗಲ್ ಹಿಡಿದ, ಒಳಗಿದ್ದವರನ್ನೆಲ್ಲ ಕೊಲ್ಲಿಸಿದ. ತಪ್ಪಿಸಿಕೊಂಡವನು ಒಬ್ಬನೇ. ಸುದ್ದಿ ಹೊತ್ತು ಬಂದ ಅವನನ್ನೂ ಸುಲ್ತಾನ ಕೊಲ್ಲಿಸಿದ, ಲಕ್ಷ ತಲೆ ಉರುಳಿಸುವ ಪ್ರತಿಜ್ಞೆ ಮಾಡಿದ. ಅದರ ಹಿಂದೆ ನಡೆದ ಹತ್ಯೆಗೆ ಫೆರಿಶ್ತಾ ಕೊಡುವ ಅಂಕಿಗಳನ್ನು ಹಾಗೆಯೇ ಒಪ್ಪಬೇಕಿಲ್ಲ. ಆದರೆ ಅವನು ಹೇಳುವ ಕೊನೆಯ ಮಾತು ಮುಖ್ಯವಾದುದು. ರಕ್ತ ಸಾಕಾದ ಮೇಲೆ ವಿಜಯನಗರದ ರಾಯಭಾರಿಗಳು ಸುಲ್ತಾನನ ಮುಂದೆ ನಿಂತು, ಎರಡೂ ರಾಜ್ಯಗಳು ಮುಂದೆಯೂ ನೆರೆಹೊರೆಯಾಗಿಯೇ ಇರಬೇಕು, ಆಯುಧ ಹಿಡಿಯದವರನ್ನು ಯುದ್ಧದಲ್ಲಿ ಕೊಲ್ಲದಂತೆ ಕರಾರು ಮಾಡಿಕೊಳ್ಳೋಣ ಎಂದರು, ಸುಲ್ತಾನ ಒಪ್ಪಿದ. ಹಾಡಿನ ಕೂಲಿಯಿಂದ ಹುಟ್ಟಿದ ಯುದ್ಧ ನಿರಾಯುಧರ ರಕ್ಷಣೆಯ ಒಪ್ಪಂದದಲ್ಲಿ ಮುಗಿಯಿತು. ಆ ಒಪ್ಪಂದಕ್ಕೆ ಬೆಲೆ ತೆತ್ತದ್ದು ಮುದಗಲ್.

ನಲವತ್ತು ವರ್ಷದ ಬಳಿಕ, 1406ರಲ್ಲಿ, ಅದೇ ಊರಿನ ಅಕ್ಕಸಾಲಿಗನೊಬ್ಬನ ಮಗಳು ಚರಿತ್ರೆಯೊಳಗೆ ಬಂದಳು. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಅವಳ ಮನೆಯಲ್ಲಿ ತಂಗಿ, ಸಂಗೀತ ಕಲಿಸಿ, ಅವಳ ರೂಪಗುಣಗಳನ್ನು ಒಂದನೆಯ ದೇವರಾಯನಿಗೆ ಬಣ್ಣಿಸಿದನಂತೆ. ರಾಯ ಒಡವೆ ಕಳಿಸಿ ಕರೆಸಿದ. ಅರಮನೆ ಹೊಕ್ಕ ಹೆಣ್ಣು ತಂದೆತಾಯಿಯ ಮುಖವನ್ನು ಮತ್ತೆ ಕಾಣುವಂತಿಲ್ಲ ಎಂದು ತಿಳಿದ ಹುಡುಗಿ ಒಡವೆಯನ್ನು ಹಿಂದಿರುಗಿಸಿದಳು. ರಾಯನ ಕುದುರೆಪಡೆ ಹೊಳೆ ದಾಟಿ ಬಂದಿತು. ಬರುವ ಸುದ್ದಿ ತಿಳಿದು ಊರವರು ಓಡಿಹೋಗಿದ್ದರು, ಅವರೊಡನೆ ಅವಳೂ ಹೋಗಿದ್ದಳು. ಸಿಕ್ಕದ ಹುಡುಗಿಯ ಮೇಲಿನ ಸಿಟ್ಟನ್ನು ಪಡೆ ಹಳ್ಳಿಗಳ ಮೇಲೆ ತೀರಿಸಿಕೊಂಡಿತು. ಫಿರೋಜ್ ಶಾ ಬಹಮನಿ ದಂಡೆತ್ತಿ ವಿಜಯನಗರದ ಬಾಗಿಲವರೆಗೆ ಹೋದ. ಸಂಧಿಯಲ್ಲಿ ದೇವರಾಯ ತನ್ನ ಮಗಳನ್ನೇ ಅವನಿಗೆ ಧಾರೆಯೆರೆದು ಬಂಕಾಪುರವನ್ನು ಬಳುವಳಿ ಕೊಟ್ಟನೆಂದೂ ಅಕ್ಕಸಾಲಿಗರ ಮಗಳು ಫಿರೋಜನ ಮಗನಿಗೆ ಮಡದಿಯಾದಳೆಂದೂ ಫೆರಿಶ್ತಾ ಕಥೆ ಮುಗಿಸುತ್ತಾನೆ. ಕಥೆಯಲ್ಲಿ ಕಥೆಗಾರನ ಅಲಂಕಾರ ಇರಬಹುದು. ಆದರೂ ಅರಸನ ಕರೆಯನ್ನು ಒಲ್ಲೆ ಎಂದ ಒಬ್ಬ ಹೆಣ್ಣುಮಗಳು, ಅವಳ ಜೊತೆ ಮನೆ ಬಿಟ್ಟ ಒಂದು ಊರು, ಅವಳ ಹೆಸರಿನಲ್ಲಿ ಸುಟ್ಟುಹೋದ ಹಳ್ಳಿಗಳು ಗಡಿನಾಡಿನ ಬದುಕನ್ನು ಯಾವ ಬಿರುದಾವಳಿಗಿಂತಲೂ ಚೆನ್ನಾಗಿ ತೋರಿಸುತ್ತವೆ.

ಇಂದು ಮುದಗಲ್ ಕೋಟೆಯ ಮುಂದೆ ನಿಂತರೆ ಮೊದಲು ಕಾಣುವುದು ಕಂದಕ. ಕೆಲವೆಡೆ 50 ಗಜ ಅಗಲ. ಅದರಾಚೆ ಬುರುಜುಗಳ ಒಂದು ಸಾಲು, ನಡುವೆ ಇಕ್ಕಟ್ಟಾದ ಓಣಿ, ಮತ್ತೆ ಇನ್ನೂ ದಪ್ಪನೆಯ ಬುರುಜುಗಳ ಇನ್ನೊಂದು ಸಾಲು. ಹೊರಕೋಟೆಯ ಹರವು ಸುಮಾರು ಅರ್ಧ ಚದರ ಮೈಲಿ. ಉತ್ತರಕ್ಕೆ ಮುಖ ಮಾಡಿದ ಫತೇ ದರವಾಜೆಯಲ್ಲಿ ಕಮಾನಿಲ್ಲ. ಗುಡಿಗಳಲ್ಲಿ ಇರುವಂತೆ ಕಂಬದ ಮೇಲೆ ತೊಲೆಗಲ್ಲು ಕೂತಿದೆ. ಗೋಡೆಯ ಕೆಳಗಿನ ವರಸೆಗಳು ಹಳೆಯ ಕನ್ನಡ ನಾಡಿನ ಕಲ್ಲುಕುಟಿಗರ ಪದ್ಧತಿಯವು, ಮೇಲಿನ ಕಮಾನಿನಾಕಾರದ ತೆನೆಗಳು ಬಹಮನಿ ಮತ್ತು ವಿಜಯಪುರದ ಆದಿಲ್‌ಶಾಹಿ ಕಾಲದವು. ಕಬ್ಬಿಣದ ಉದ್ದುದ್ದ ಪಟ್ಟಿಗಳನ್ನು ಜೋಡಿಸಿ ಸುತ್ತಲೂ ಬಳೆ ತೊಡಿಸಿ ಮಾಡಿದ ತೋಪು ಬುರುಜಿನ ಮೇಲಿದೆ. ತೋಪುಗಳ ಕಾಲ ಬಂದಾಗ ಒಂದನೆಯ ಅಲಿ ಆದಿಲ್‌ಶಾ ಕೋಟೆಯನ್ನು ಮತ್ತೆ ಬಲಪಡಿಸಿದ. ಇಲ್ಲಿ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವಿ ನೆಲಸಮ ಮಾಡಲಿಲ್ಲ. ಹಿಡಿದವರು ಹಿಂದಿನವರ ಗೋಡೆಯ ಮೇಲೆಯೇ ತಮ್ಮ ಕಲ್ಲು ಇಟ್ಟರು. ಗಡಿಯ ಕೋಟೆಗೆ ವೈರಕ್ಕಿಂತ ಉಪಯೋಗ ದೊಡ್ಡದು.

ಎಡೆದೊರೆಯ ಹೆಸರು ಕಡಲಾಚೆ ಮುಟ್ಟಿದ್ದು 1520ರಲ್ಲಿ. ಯುದ್ಧಕ್ಕೆ ನೆಪ ಹುಡುಕಿದ್ದು ವಿಜಯನಗರದ ಕೃಷ್ಣದೇವರಾಯ. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಂತೆ, ಗೋವೆಯಲ್ಲಿ ಕುದುರೆ ಕೊಳ್ಳಲು ರಾಯ 40,000 ಪರ್ದಾವ್ ಕೊಟ್ಟು ಕಳಿಸಿದ ವರ್ತಕನೊಬ್ಬ ಹಣದೊಂದಿಗೆ ಆದಿಲ್‌ಶಾಹನ ಆಶ್ರಯಕ್ಕೆ ಓಡಿಹೋದ. ಅವನನ್ನು ಒಪ್ಪಿಸದ ತಪ್ಪಿಗೆ ರಾಯ ರಾಯಚೂರಿನ ಮೇಲೆ ದಂಡೆತ್ತಿದ. ಸಾಲ ಗೋವೆಯದು, ಬಾಕಿ ತೀರಿಸಿದ್ದು ಎಡೆದೊರೆ. ಮೇ ತಿಂಗಳ ಬಿಸಿಲಿನಲ್ಲಿ ಇಸ್ಮಾಯಿಲ್ ಆದಿಲ್‌ಶಾ ಕೃಷ್ಣೆ ದಾಟಿ ಬಂದ. ಅವನ ತೋಪುಗಳು ಒಮ್ಮೆಗೇ ಹಾರಿ ರಾಯನ ಮುಂಪಡೆಯನ್ನು ಚೆದರಿಸಿದವು. ರಾಯ ತಾನೇ ಕುದುರೆಯೇರಿ ಎರಡನೆಯ ಪಡೆಯನ್ನು ನುಗ್ಗಿಸಿದ. ಓಡಿದವರು ಹೊಳೆಯಲ್ಲಿ ಮುಳುಗಿದರು.

ಕೋಟೆ ಮಾತ್ರ ಬಗ್ಗಿರಲಿಲ್ಲ. ರಾಯನ ಕಡೆಯವರು ಗೋಡೆಯ ಬುಡಕ್ಕೆ ನುಗ್ಗಿ ಕೈಯಾರೆ ಕಲ್ಲು ಕೀಳತೊಡಗಿದರು. ಕಿತ್ತ ಕಲ್ಲನ್ನು ದಳಪತಿಗಳು ಗಾತ್ರ ನೋಡಿ 10ರಿಂದ 50 ಹಣದವರೆಗೆ ಕೊಟ್ಟು ಕೊಂಡರೆಂದು ನೂನಿಜ್ ಬರೆಯುತ್ತಾನೆ. 1294ರಲ್ಲಿ ಬಂಡಿಯ ಮೇಲೆ ತಂದು ಕೂಡಿಸಿದ ಕೋಟೆಯ ಕಲ್ಲಿಗೆ 1520ರಲ್ಲಿ ಕೀಳುವ ದರ ನಿಗದಿಯಾಯಿತು. ಆಗ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ಮುಂದೆ ಬಂದ. ಗೋಡೆಯ ಮೇಲೆ ಮುಖ ತೋರಿದವರು ಗುಂಡಿಗೆ ಉರುಳಿದರು. ನಗರದ ಅಧಿಪತಿ ಇಣುಕಿ ನೋಡಿದಾಗ ಅವನ ಹಣೆಗೇ ಗುಂಡು ತಾಗಿತು. ಒಳಗಿನವರು ಕೋಟೆ ಒಪ್ಪಿಸಿದರು. ಆ ಬಂದೂಕುಗಾರರು ಬಂದ ಐಬೀರಿಯಾದಲ್ಲೂ ಇಂಥದೇ ಗಡಿನಾಡುಗಳಿದ್ದವು. ಕ್ಯಾಸ್ಟೀಲ್ ರಾಜ್ಯಕ್ಕೂ ಗ್ರಾನಡಾದ ಸುಲ್ತಾನರಿಗೂ ನಡುವೆ ಊರಿಗೊಂದು ಕೋಟೆ ಕಟ್ಟಿದ ಸೀಮೆ ಅಲ್ಲಿಯದು. 1492ರಲ್ಲಿ ಗ್ರಾನಡಾ ಬಿದ್ದ ಮೇಲೆ ಅಲ್ಲಿಯ ಕದನ ಮುಗಿಯಿತು. ಇಂದು ಆ ಹಾಳುಕೋಟೆಗಳನ್ನು ಕಾಣಲು ಜನ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಾರೆ. ಕೆಲವು ಊರುಗಳು ತಮ್ಮ ಹೆಸರಿನ ಜೊತೆಗೆ ಗಡಿಯೂರು ಎಂಬ ಗುರುತನ್ನು ಈಗಲೂ ಹೆಮ್ಮೆಯಿಂದ ಇಟ್ಟುಕೊಂಡಿವೆ.

ರಾಯಚೂರು ಗೆದ್ದ ರಾಯ ಸೋತ ಸುಲ್ತಾನ ಬಂದು ತನ್ನ ಪಾದಕ್ಕೆ ಮುತ್ತಿಡಲಿ ಎಂದು ಹೇಳಿಕಳಿಸಿ ಮುದಗಲ್ಲಿನಲ್ಲಿ ಕಾದನೆಂದೂ, ಅವನು ಬಾರದೆ ಇದ್ದಾಗ ವಿಜಯಪುರದವರೆಗೆ ನುಗ್ಗಿದನೆಂದೂ ನೂನಿಜ್ ಹೇಳುತ್ತಾನೆ. ಆ ಗರ್ವದ ಆಯುಷ್ಯ ಹತ್ತು ವರ್ಷ. 1529ರಲ್ಲಿ ರಾಯ ತೀರಿಕೊಂಡ; ಅಚ್ಯುತರಾಯ ಪಟ್ಟಕ್ಕೆ ಬರುತ್ತಿದ್ದಂತೆ ಇಸ್ಮಾಯಿಲ್ ರಾಯಚೂರು, ಮುದಗಲ್ ಎರಡನ್ನೂ ಮರಳಿ ಪಡೆದ. ವಿಜಯನಗರದ ರಾಮರಾಯನ ಕಾಲಕ್ಕೆ ಅವು ಮತ್ತೆ ಕೈ ಬದಲಿಸಿದವು. 1565ರ ಮಹಾಯುದ್ಧಕ್ಕೆ ಮೊದಲು ಅಲಿ ಆದಿಲ್‌ಶಾ ರಾಮರಾಯನಿಂದ ಬೇಡಿದ ಊರುಗಳ ಪಟ್ಟಿಯಲ್ಲಿ ಈ ಎರಡೂ ಇದ್ದವು. ಜನವರಿ 23ರಂದು ಕೃಷ್ಣೆಯ ದಕ್ಷಿಣಕ್ಕೆ ನಡೆದ ಆ ಕದನ ಎಡೆದೊರೆಯ ಒಡೆತನದ ಪ್ರಶ್ನೆಯನ್ನು ಕೊನೆಗೂ ಮುಗಿಸಿತು. ಅದರೊಂದಿಗೆ ಹಂಪಿಯೂ ಮುಗಿಯಿತು.

ಒಡೆತನ ಸ್ಥಿರವಾದಾಗ ಈ ನೆಲ ಬೇರೆಯ ಬದುಕು ಕಂಡಿತು. 16ನೆಯ ಶತಮಾನದಲ್ಲಿ ಜೆಸ್ವಿಟ್ ಪಾದ್ರಿಗಳು ಮುದಗಲ್ಲಿನಲ್ಲಿ ನೆಲೆ ಊರಿದರು. ಅವರ ಚರ್ಚು ದಖ್ಖನಿನ ಹಳೆಯ ಚರ್ಚುಗಳಲ್ಲಿ ಒಂದು. ಉತ್ತರದ ಕಾವಲು ಜಲದುರ್ಗದ್ದು. ಲಿಂಗಸುಗೂರಿನಿಂದ ಕೃಷ್ಣೆಯ ಕಡೆಗೆ ಹೋದರೆ ಹೊಳೆ ಎರಡಾಗಿ ಸೀಳಿ ನಡುಗಡ್ಡೆಯೊಂದನ್ನು ಬಳಸುತ್ತದೆ. ಕೋಟೆ ಅದರ ಮೇಲಿದೆ. ಮೂರು ಮೈಲಿಯೊಳಗೆ ಕೃಷ್ಣೆ ಇಲ್ಲಿ ನಾನೂರು ಅಡಿಯಷ್ಟು ಕೆಳಗಿಳಿಯುತ್ತಾಳೆ. ಬಂಡೆಗೆ ಬಡಿದು ಬರುವ ಆ ಸೆಳವೇ ಕೋಟೆಯ ಮೊದಲ ಕಂದಕ. ಮರಣದಂಡನೆಗೆ ಗುರಿಯಾದವರನ್ನು ಮೇಲಿನ ಬಂಡೆಯ ಅಂಚಿನಿಂದ ಮಡುವಿಗೆ ನೂಕುತ್ತಿದ್ದರೆಂದು ಸುತ್ತಲಿನವರು ಹೇಳುತ್ತಾರೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಚಾಂದ್ ಬೀಬಿಯನ್ನು ಕುರಿತ ತಮ್ಮ 1878ರ ಕಾದಂಬರಿಯಲ್ಲಿ ಜಲದುರ್ಗವನ್ನೂ ಮುದಗಲ್ಲನ್ನೂ ಕಥಾಭೂಮಿ ಮಾಡಿಕೊಂಡರು. ಈಗ ಸ್ವಲ್ಪ ಮೇಲ್ಗಡೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಹೊಳೆಯನ್ನು ಹಿಡಿದಿದೆ. ಬಾಗಿಲು ತೆರೆದ ದಿನಗಳಲ್ಲಿ ಜಲದುರ್ಗದ ನೀರು ಹಳೆಯ ಬಲಕ್ಕೆ ಮರಳುತ್ತದೆ.

1686ರಲ್ಲಿ ಔರಂಗಜೇಬ ವಿಜಯಪುರವನ್ನು ಹಿಡಿದ. ಮುಂದೆ ನಿಜಾಮರು ಬಂದರು. 1853ರಲ್ಲಿ ದೋಆಬ್ ಇಂಗ್ಲಿಷರಿಗೆ ಹೋಯಿತು, 1860ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯದ ಮೇಲೆ ಪಡೆ ಹೊರಟದ್ದು ಇಲ್ಲಿಂದ. ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ತಾಲ್ಲೂಕಾಗಿ ರಾಯಚೂರಿಗೆ ಸೇರಿತು. 1948ರಲ್ಲಿ ನಿಜಾಮಶಾಹಿ ಕೊನೆಗೊಂಡಿತು, 1956ರಲ್ಲಿ ಎಡೆದೊರೆ ಕನ್ನಡ ರಾಜ್ಯದೊಳಗೆ ಬಂದಿತು.

ಕತ್ತಿಯಿಂದ ಆಗದ ಬದಲಾವಣೆ ನೀರಿನಿಂದ ಆಯಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಿತು. ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಜೋಳದ ಹೊಲಗಳನ್ನು ಭತ್ತದ ಗದ್ದೆಗಳಾಗಿ ಮಾಡಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರಿಗೆ ಸರ್ಕಾರ ಸಿಂಧನೂರಿನ ಹತ್ತಿರ ಪುನರ್ವಸತಿ ಕ್ಯಾಂಪು ಮಾಡಿಕೊಟ್ಟಿತು. ಅಲ್ಲಿಯ ಮನೆಗಳಲ್ಲಿ ಇಂದಿಗೂ ಬಂಗಾಳಿ ಮಾತು ಕೇಳುತ್ತದೆ. ಹೊರಗಿನವರು ಬರುವುದು ಈ ನೆಲಕ್ಕೆ ಹೊಸತಲ್ಲ. ಈ ಸಲ ಬಂದವರು ಉತ್ತು ಬಿತ್ತಿ ಉಳಿದರು.

ಹೀಗೆ ಬಂದವರನ್ನೆಲ್ಲ ಒಳಗೊಳ್ಳುವ ಗುಣ ಮುದಗಲ್ಲಿನ ಮೊಹರಮ್ಮಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಹುಸೇನಿ ಆಲಂ ದರ್ಗಾದ ಅಲಾಯಿ ದೇವರಿಗೆ ನಾಡಿನ ನಾನಾ ಕಡೆಯಿಂದ ಜನ ಬರುತ್ತಾರೆ; ಹರಕೆ ಹೊತ್ತವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಎಣಿಸುವ ಗೊಡವೆ ಅಲ್ಲಿ ಯಾರಿಗೂ ಇಲ್ಲ. ಬುಕ್ಕರಾಯ, ಫಿರೋಜ್ ಶಾ, ಕೃಷ್ಣದೇವರಾಯ, ಆದಿಲ್‌ಶಾಹರು ಸೆಣಸಿದ ಅದೇ ಊರಿನಲ್ಲಿ ಅಲಾಯಿ ಕುಣಿಯ ಸುತ್ತ ಎಲ್ಲರೂ ಹೆಜ್ಜೆ ಹಾಕುತ್ತಾರೆ. ಇದನ್ನು ಕಂಡವರಿಗೆ ದಖ್ಖನಿನ ಚರಿತ್ರೆಯನ್ನು ಎರಡು ಧರ್ಮಗಳ ಕದನವೆಂದು ಮಾತ್ರ ಓದಲಾಗದು. ಕದನ ಅರಸರದಾಗಿತ್ತು, ಕದನದ ನಡುವೆ ಕೂಡಿ ಬಾಳುವ ಪಾಠವನ್ನು ಗಡಿಯ ಜನ ತಾವೇ ಕಲಿತರು.

ಆದ್ದರಿಂದ ಈ ಕೋಟೆಗಳಿಗೆ ಹೋಗುವುದು ವಿಹಾರದ ಮಾತಷ್ಟೇ ಅಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಾಲೆಗಳು ಪ್ರವಾಸವೆಂದರೆ ಮಕ್ಕಳನ್ನು ಹಂಪಿಗೂ ವಿಜಯಪುರಕ್ಕೂ ಕರೆದೊಯ್ಯಲಿ, ಅದು ಸರಿಯೇ. ಅದಕ್ಕೆ ಮೊದಲು ತಮ್ಮ ಬಾಗಿಲಲ್ಲಿರುವ ಮಸ್ಕಿಯ ಬಂಡೆ, ಪಿಕಳಿಹಾಳದ ಗೂಳಿ, ಮುದಗಲ್ಲಿನ ಕಂದಕ, ಜಲದುರ್ಗದ ನಡುಗಡ್ಡೆಗಳನ್ನು ತೋರಿಸಲಿ. ಗೋಡೆಯಿಂದ ಉದುರಿದ ಪ್ರತಿ ಕಲ್ಲೂ ಈ ನಾಡಿನ ಆಸ್ತಿ ಎಂದು ಊರವರು ಕಾಯಲಿ, ಕಂದಕದಲ್ಲಿ ತುಂಬಿದ ಹೂಳನ್ನು ಸರ್ಕಾರ ತೆಗೆಸಲಿ. ಎಡೆದೊರೆಯನ್ನು ಹಿಡಿಯುವ ಆಸೆಯಲ್ಲೇ ಹಂಪಿಯೂ ಕಲಬುರಗಿಯೂ ವಿಜಯಪುರವೂ ತಮ್ಮ ಬಲವನ್ನು ಕರಗಿಸಿಕೊಂಡವು. ಅವುಗಳ ವೈಭವವನ್ನು ರಾಜಧಾನಿಗಳಲ್ಲಿ ನೋಡಬಹುದು. ಆ ವೈಭವಕ್ಕೆ ಯಾರು ಎಷ್ಟು ತೆತ್ತರು ಎಂಬ ಲೆಕ್ಕ ಇರುವುದು ಇಲ್ಲಿ, ಗಡಿಯ ಈ ಕೋಟೆಗಳಲ್ಲಿ. ಅದನ್ನು ಓದದೆ ಕನ್ನಡ ನಾಡಿನ ಮಧ್ಯಯುಗವನ್ನು ಬಲ್ಲೆವು ಎಂದು ನಾವು ಹೇಳಿಕೊಳ್ಳುವಂತಿಲ್ಲ.